ಫ್ರಿಜ್ ಪ್ರಶ್ನೆಗೂ ಮಾವನ ಪಿಂಚಣಿ ಪ್ರಶ್ನೆಗೂ ಒಟ್ಟಿಗೇ ಉತ್ತರ

ಎಲ್ಲರಿಗೂ ನಮಸ್ಕಾರ. ಟೈಪ್ ಮಾಡುತ್ತಾ ಕೂತರೆ ರಾತ್ರಿಯಾಗುತ್ತದೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು. ಪುರುಸೊತ್ತು ಇರುವಾಗ ಕೇಳಿ.

ತಮ್ಮ ಬೆಳಿಗ್ಗೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಹಾಕಿದ್ದ. ಜಿಎಸ್‌ಟಿ ಇಳಿದಿದೆ, ಪ್ರತಿ ಮನೆಗೂ ತಿಂಗಳಿಗೆ ಐದು ಸಾವಿರ ಉಳಿತಾಯ, ಫ್ರಿಜ್ಜು ಟಿವಿ ಎಲ್ಲ ಅಗ್ಗ ಅಂತ. ಅದರ ಕೆಳಗೆ, ಆದಿತ್ಯವಾರ ನಮ್ಮ ಕೇರಳದ ಕಾಸರಗೋಡಿನಿಂದ ಗಡಿ ದಾಟಿ ಮಂಗಳೂರಿಗೆ ಹೋಗಿ ಫ್ರಿಜ್ ತರೋಣವಾ ಅಂತ ಕೇಳಿದ್ದಾನೆ. ಅದಕ್ಕೆ ಮಾವ, ತೆರಿಗೆ ಇಳಿಸಿದರೆ ಸರ್ಕಾರಕ್ಕೆ ದುಡ್ಡು ಎಲ್ಲಿಂದ, ನನ್ನ ಪಿಂಚಣಿ ನಿಲ್ಲುತ್ತದಾ ಅಂತ ಕೇಳಿದ್ದಾರೆ. ಮಾವನಿಗೆ ಯಾರೂ ಉತ್ತರ ಕೊಡಲಿಲ್ಲ. ಎಲ್ಲರೂ ಫ್ರಿಜ್ಜಿನ ಬಣ್ಣದ ಬಗ್ಗೆಯೇ ಮಾತಾಡಿದ್ದು!

ಮೊದಲು ಫ್ರಿಜ್. ತಮ್ಮಾ, ಫ್ರಿಜ್ಜಿನ ತೆರಿಗೆ ಈ ಸಲ ಇಳಿದೇ ಇಲ್ಲ. ಫ್ರಿಜ್ಜಿಗೂ ವಾಷಿಂಗ್ ಮೆಷಿನ್ನಿಗೂ 2018 ರಲ್ಲೇ ಶೇಕಡಾ 28 ರಿಂದ 18 ಮಾಡಿದ್ದರು. ಈಗಲೂ 18. 2025 ರ ಸೆಪ್ಟೆಂಬರ್ 22 ರಿಂದ 28 ಇದ್ದದ್ದು 18 ಆಗಿರುವುದು ಎಸಿಗೆ, ದೊಡ್ಡ ಟಿವಿಗೆ, ಸಿಮೆಂಟಿಗೆ, ಸಣ್ಣ ಕಾರಿಗೆ, 350 ಸಿಸಿ ಒಳಗಿನ ಬೈಕಿಗೆ. ಅಂಗಡಿಯವನು ಜಿಎಸ್‌ಟಿ ಇಳಿದ ಆಫರ್ ಅಂತ ಫ್ರಿಜ್ಜಿನ ಮೇಲೆ ಬೋರ್ಡ್ ಹಾಕಿದ್ದರೆ, ಅದು ಅವನ ಕೈಯಿಂದ ಕೊಡುವ ರಿಯಾಯಿತಿ. ಕೊಡಲಿ, ಬೇಡ ಅನ್ನುವುದು ಯಾಕೆ.

ಇನ್ನು ಐದು ಸಾವಿರದ ಲೆಕ್ಕ. ನಾನು ಬದಿಯಡ್ಕದಲ್ಲಿ ನಾಲ್ಕಾರು ಅಂಗಡಿಗಳ ಲೆಕ್ಕ ಬರೆಯುತ್ತೇನೆ ಅಲ್ವಾ, ಅದರಿಂದ ಹೇಳುತ್ತೇನೆ. ಸಾಬೂನು, ಪೇಸ್ಟು, ಶಾಂಪೂ, ಬಿಸ್ಕತ್ತು, ಇವೆಲ್ಲ 18 ರಿಂದ 5 ಕ್ಕೆ ಬಂದಿವೆ. 118 ಕೊಡುತ್ತಿದ್ದಲ್ಲಿ 105. ತಿಂಗಳಿಗೆ ಇಂಥವಕ್ಕೆ ಸಾವಿರ ರೂಪಾಯಿ ಖರ್ಚು ಮಾಡುವ ಮನೆಗೆ 110 ರೂಪಾಯಿ ಉಳಿಯುತ್ತದೆ. ತುಪ್ಪ, ಬೆಣ್ಣೆ, ಹೆಚ್ಚಿನ ಔಷಧಿಗಳು 12 ರಿಂದ 5. ಮಕ್ಕಳ ನೋಟ್ ಪುಸ್ತಕ, ಪೆನ್ಸಿಲ್‌ಗೆ ಈಗ ತೆರಿಗೆಯೇ ಇಲ್ಲ. ಇದು ಒಳ್ಳೆಯದೇ. ಆದರೆ ನಮ್ಮ ಮನೆಗಳ ದೊಡ್ಡ ಖರ್ಚು ಯಾವುದು ಹೇಳಿ? ಅಕ್ಕಿ, ತರಕಾರಿ, ಬಸ್ಸಿನ ಟಿಕೆಟ್, ಕರೆಂಟ್ ಬಿಲ್, ಗ್ಯಾಸ್, ಕೆಲಸದವರ ಸಂಬಳ. ಅವು ಯಾವುದಕ್ಕೂ ಈ ಬದಲಾವಣೆ ತಾಗುವುದಿಲ್ಲ. ಅಡುಗೆಯ ತೆಂಗಿನೆಣ್ಣೆಗೆ ಮೊದಲೂ 5, ಈಗಲೂ 5. 2025 ರಲ್ಲಿ ಅದರ ರೇಟ್ ಕಿಲೋಗೆ 400 ದಾಟಿ ಹೋಯಿತಲ್ಲ, ಆ ಏರಿಕೆಯ ಎದುರು ಸಾಬೂನಿನ ಉಳಿತಾಯ ಲೆಕ್ಕಕ್ಕೇ ಸಿಗುವುದಿಲ್ಲ. ಅಡಿಕೆಗೂ ಹಾಗೆಯೇ, 5 ಇದ್ದದ್ದು 5.

ಮನೆ ಕಟ್ಟುವವರಿಗೆ ಲಾಭ ಉಂಟು. ಸಿಮೆಂಟ್ ಮೂಟೆಗೆ 25–30 ರೂಪಾಯಿ ಇಳಿಯಬೇಕು. ಇಳಿಯಬೇಕು ಅಂದೆ, ಇಳಿದಿದೆ ಅನ್ನಲಿಲ್ಲ. ಬಿಲ್ ನೋಡಿ ತೆಗೆದುಕೊಳ್ಳಿ.

ಅಂಗಡಿಯವರನ್ನೂ ಸುಮ್ನೆ ಬೈಯಬೇಡಿ. 18 ತೆರಿಗೆ ಕೊಟ್ಟು ತಂದ ಮಾಲನ್ನು ಬೆಳಗಾಗುವುದರೊಳಗೆ 5 ರ ತೆರಿಗೆಗೆ ಮಾರಬೇಕಾಯಿತು. ಜಾಸ್ತಿ ಕೊಟ್ಟ ತೆರಿಗೆ ಕ್ರೆಡಿಟ್ ಆಗಿ ಜಿಎಸ್‌ಟಿ ಪೋರ್ಟಲ್‌ನಲ್ಲಿ ಕೂತಿದೆ, ಕೈಗೆ ಬರುವುದಿಲ್ಲ. ಮುಂದೆ ಕಟ್ಟುವ ತೆರಿಗೆಯಲ್ಲಿ ನಿಧಾನವಾಗಿ ಕಳೆಯಬೇಕು. ಮಾರುವುದೆಲ್ಲ 5 ರ ಮಾಲೇ ಆದರೆ ಅದು ಕರಗುವುದಕ್ಕೆ ತಿಂಗಳುಗಟ್ಟಲೆ ಬೇಕು.

ಆದಾಯ ತೆರಿಗೆ ಹನ್ನೆರಡು ಲಕ್ಷದ ತನಕ ಇಲ್ಲ ಅಂತಲೂ ಆ ಫಾರ್ವರ್ಡಿನಲ್ಲಿತ್ತು. ಹೊಸ ಪದ್ಧತಿಯಲ್ಲಿ ಸಂಬಳದವರಿಗೆ 12.75 ಲಕ್ಷದ ತನಕ ಇಲ್ಲ, ನಿಜ. ನಮ್ಮ ಕುಟುಂಬದಲ್ಲಿ ಅದರಿಂದ ಲಾಭ ಆದವರು ಬೆಂಗಳೂರಿನಲ್ಲಿ ಇದ್ದಾರೆ. ಅವರು ಈ ಗ್ರೂಪಿನಲ್ಲಿ ಮಾತಾಡುವುದೇ ಇಲ್ಲ.

ಈಗ ಮಾವನ ಪ್ರಶ್ನೆ. ಮಾವ, ನಿಮ್ಮ ಪ್ರಶ್ನೆ ಸರಿಯಾದದ್ದು. ಜಿಎಸ್‌ಟಿಯಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಇಳಿಸಿದರೆ ಇಬ್ಬರಿಗೂ ಇಳಿಯುತ್ತದೆ. ಇಡೀ ದೇಶಕ್ಕೆ ಸೇರಿ 48,000 ಕೋಟಿ ಖೋತಾ ಅಂತ ಕೇಂದ್ರ ಹೇಳಿತು. ಕೇರಳ ಒಂದಕ್ಕೇ ವರ್ಷಕ್ಕೆ 8,000 ದಿಂದ 10,000 ಕೋಟಿ ಅಂತ ಆಗ ಕೇರಳದ ಹಣಕಾಸು ಮಂತ್ರಿಯಾಗಿದ್ದ ಬಾಲಗೋಪಾಲ್ ಹೇಳಿದರು. ಎರಡೂ ಒಂದಕ್ಕೊಂದು ಕೂಡಿ ಬರುವ ಲೆಕ್ಕ ಅಲ್ಲ. ರೇಟ್ ಇಳಿದರೆ ಜನ ಜಾಸ್ತಿ ಕೊಳ್ಳುತ್ತಾರೆ ಅನ್ನುವುದು ಕೇಂದ್ರದ ನಂಬಿಕೆ. ಮೊದಲಾದರೆ ರಾಜ್ಯಕ್ಕೆ ಕಡಿಮೆ ಬಿದ್ದದ್ದನ್ನು ಕೇಂದ್ರ ತುಂಬಿಸಿ ಕೊಡುತ್ತಿತ್ತು. 2017 ರಿಂದ ಐದು ವರ್ಷಕ್ಕೆ ಅಂತ ಇದ್ದ ಆ ಪರಿಹಾರ 2022 ರ ಜೂನ್‌ಗೆ ಮುಗಿಯಿತು. ಈಗ ಕಡಿಮೆ ಬಿದ್ದರೆ ಕಡಿಮೆಯೇ.

ಆದರೂ ಕೇರಳ ಸರ್ಕಾರ ಕೊಡುವ ನಿಮ್ಮ ಕ್ಷೇಮ ಪಿಂಚಣಿ ನಿಲ್ಲಲಿಲ್ಲ, 2025 ರ ನವೆಂಬರಿನಿಂದ 1,600 ಇದ್ದದ್ದು 2,000 ಆಯಿತು. ಕೊಡುವವರು ಅರುವತ್ತು ಲಕ್ಷಕ್ಕಿಂತ ಜಾಸ್ತಿ ಜನಕ್ಕೆ ಕೊಡಬೇಕು. ಅಷ್ಟು ಜನರದ್ದನ್ನು ನಿಲ್ಲಿಸುವ ಧೈರ್ಯ ಯಾರಿಗೂ ಬಾರದು, ಹಾಗಾಗಿ ನನಗೆ ನಿಲ್ಲುವ ಹೆದರಿಕೆ ಇಲ್ಲ, ತಡ ಆಗುವ ಹೆದರಿಕೆ ಉಂಟು. 2024 ರ ಶುರುವಿನಲ್ಲಿ ತಿಂಗಳುಗಟ್ಟಲೆ ಬಾಕಿ ಬಿದ್ದದ್ದು ನಿಮಗೇ ಗೊತ್ತು. ಸರ್ಕಾರಕ್ಕೆ ಕೈ ಬಿಗಿಯಾದರೆ ಸಂಬಳ ನಿಲ್ಲಿಸುವುದಿಲ್ಲ, ಕ್ಷೇಮ ಪಿಂಚಣಿ ಮುಂದಕ್ಕೆ ಹಾಕುತ್ತಾರೆ, ಕಟ್ಟಡದ ಕೆಲಸ ನಿಧಾನ ಮಾಡುತ್ತಾರೆ. ನಮ್ಮ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013 ರಲ್ಲಿ. ಎಂಬಿಬಿಎಸ್‌ಗೆ 50 ಸೀಟಿನ ಅನುಮತಿ ಬಂದದ್ದು 2025 ರಲ್ಲಿ. ಅಷ್ಟು ವರ್ಷ ನಾವು ಕಾಯಿಲೆ ಅಂದರೆ ಗಡಿಯಾಚೆಯ ದೇರಳಕಟ್ಟೆ, ಮಂಗಳೂರು ಅಂತ ಓಡಿದೆವು.

ಕೇರಳ ಲಾಟರಿಯನ್ನೂ ಹೇಳಿಬಿಡುತ್ತೇನೆ, ಭಾವನಿಗೆ ಬೇಕಾದ ವಿಷಯ. ಅದಕ್ಕೆ 28 ಇದ್ದದ್ದು 40 ಆಗಿದೆ. ಟಿಕೆಟ್ ರೇಟ್ ಏರಿಸದೆ ಬಹುಮಾನದ ಲೆಕ್ಕದಲ್ಲಿ ಕಡಿತ ಮಾಡಿದರು. ಇನ್ನು ಬಂಪರ್ ಹೊಡೆಯದಿದ್ದರೆ ಜಿಎಸ್‌ಟಿಯನ್ನು ದೂರಬಹುದು.

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯ, ಇದನ್ನು ಗಮನವಿಟ್ಟು ಕೇಳಿ. ಮೂವತ್ತು ಸಾವಿರದ ಫ್ರಿಜ್ ಅಂದರೆ ಅದರಲ್ಲಿ ಸುಮಾರು 4,575 ರೂಪಾಯಿ ತೆರಿಗೆ. ಅರ್ಧ, ಅಂದರೆ 2,290 ರ ಹತ್ತಿರ, ರಾಜ್ಯಕ್ಕೆ. ಯಾವ ರಾಜ್ಯಕ್ಕೆ? ಮಂಗಳೂರಿನ ಹಂಪನಕಟ್ಟೆಯ ಅಂಗಡಿಯಲ್ಲಿ ಬರಿ ಹೆಸರು, ಫೋನ್ ನಂಬರ್ ಕೊಟ್ಟು ಬಿಲ್ ಮಾಡಿಸಿದರೆ ಕರ್ನಾಟಕಕ್ಕೆ. ಮಾವನ ಒಂದು ತಿಂಗಳ ಪಿಂಚಣಿಗಿಂತ ಜಾಸ್ತಿ ಮೊತ್ತ ತಲಪಾಡಿ ಗಡಿಯ ಆಚೆಯೇ ಉಳಿಯುತ್ತದೆ. ಪಿಂಚಣಿ ಮಾತ್ರ ತಿರುವನಂತಪುರದಿಂದ ಬರಬೇಕು.

ಆದರೆ 2023 ರ ಅಕ್ಟೋಬರ್ 1 ರಿಂದ ಒಂದು ನಿಯಮ ಬಂದಿದೆ. ನಮ್ಮಂಥ ಜಿಎಸ್‌ಟಿ ನೋಂದಣಿ ಇಲ್ಲದ ಗಿರಾಕಿಯ ವಿಳಾಸವನ್ನು ಬಿಲ್ಲಿನಲ್ಲಿ ಬರೆದರೆ, ಆ ವಿಳಾಸದ ರಾಜ್ಯಕ್ಕೆ ತೆರಿಗೆ ಸೇರುತ್ತದೆ. ವಿಳಾಸ ಇಲ್ಲದಿದ್ದರೆ ಅಂಗಡಿ ಇರುವ ರಾಜ್ಯಕ್ಕೆ. ಕಾಸರಗೋಡು, ಕೇರಳ ಅಂತ ಬರೆಸಿದರೆ ಬಿಲ್ಲಿನಲ್ಲಿ ಸಿಜಿಎಸ್‌ಟಿ (ಕೇಂದ್ರದ ಪಾಲು), ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ಅಂತ ಎರಡು ಸಾಲು ಬರುವ ಬದಲು ಐಜಿಎಸ್‌ಟಿ 18 ಅಂತ, ಅಂದರೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವ ಮಾಲಿನ ತೆರಿಗೆ ಅಂತ, ಒಂದೇ ಸಾಲು ಬರುತ್ತದೆ. ನಮಗೆ ಒಂದು ರೂಪಾಯಿಯೂ ಜಾಸ್ತಿ ಆಗುವುದಿಲ್ಲ. ಕೌಂಟರಿನ ಹುಡುಗನಿಗೆ ಇದು ಗೊತ್ತಿರಲಿಕ್ಕಿಲ್ಲ, ಬಿಲ್ ಹಾಕುವವರನ್ನೇ ಕೇಳಿ.

ಪೆಟ್ರೋಲಿಗೆ ಈ ದಾರಿ ಇಲ್ಲ. ಪೆಟ್ರೋಲ್, ಡೀಸೆಲ್ ಜಿಎಸ್‌ಟಿ ಒಳಗೆ ಬಂದೇ ಇಲ್ಲ. ಕೇರಳ 2023 ರ ಏಪ್ರಿಲ್‌ನಿಂದ ಲೀಟರಿಗೆ 2 ರೂಪಾಯಿ ಸೆಸ್ ಹಾಕಿದೆ, ಅದೂ ಸಾಮಾಜಿಕ ಭದ್ರತೆಯ ಹೆಸರಲ್ಲಿ, ಅಂದರೆ ಮಾವನ ಪಿಂಚಣಿಗೇ. ತಲಪಾಡಿ ದಾಟಿ ಟ್ಯಾಂಕ್ ತುಂಬಿಸಿ ಬರುವವರು ನಮ್ಮಲ್ಲಿ ಯಾರು ಯಾರು ಅಂತ ನಾನು ಹೇಳುವುದಿಲ್ಲ. ಕಡಿಮೆಗೆ ಸಿಗುವಲ್ಲಿ ತುಂಬಿಸುವುದು ತಪ್ಪು ಅಂತ ನನಗೆ ಅನಿಸುವುದಿಲ್ಲ. ಆದರೆ ಹಾಗೆ ಮಾಡಿ ಬಂದು, ಗ್ರೂಪಿನಲ್ಲಿ ಕೇರಳ ಸರ್ಕಾರ ಕಾಸರಗೋಡಿಗೆ ಏನು ಕೊಟ್ಟಿದೆ ಅಂತ ಉದ್ದುದ್ದ ಬರೆದರೆ ನನಗೆ ನಗು ಬರುತ್ತದೆ. ಕೊಡುವುದು ಕಡಿಮೆಯೇ, ಅದರಲ್ಲಿ ನನಗೂ ಅನುಮಾನ ಇಲ್ಲ. ನಮ್ಮ ಪಂಚಾಯತ್ ರಸ್ತೆ ನೋಡಿದರೆ ಗೊತ್ತಾಗುತ್ತದೆ.

ಹಾಗಾಗಿ ತಮ್ಮಾ, ಮೊದಲು ಕುಂಬಳೆಯಲ್ಲೋ ಕಾಸರಗೋಡು ಪೇಟೆಯಲ್ಲೋ ರೇಟ್ ಕೇಳು. ಎರಡು ಸಾವಿರಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮಂಗಳೂರಿಗೇ ಹೋಗು, ಗಾಡಿ ಬಾಡಿಗೆಯನ್ನೂ ಲೆಕ್ಕಕ್ಕೆ ಸೇರಿಸು. ಅಲ್ಲಿ ತೆಗೆದುಕೊಂಡರೆ ಮನೆಯ ವಿಳಾಸ ಪೂರ್ತಿ ಬರೆಸು. ಸರ್ವಿಸಿಗೂ ಅದು ಬೇಕಾಗುತ್ತದೆ.

ಇನ್ನೊಂದು. ಭಾವ, ಆರೋಗ್ಯ ವಿಮೆಯ ಕಂತಿಗೆ ತೆರಿಗೆ 18 ಇದ್ದದ್ದು ಈಗ ಸೊನ್ನೆ. ಸ್ವಂತ ಹೆಸರಿನ ಅಥವಾ ಕುಟುಂಬದ ಪಾಲಿಸಿಗೆ ಮಾತ್ರ, ಕಂಪನಿಯವರು ಮಾಡಿಸುವ ಗುಂಪು ವಿಮೆಗೆ ಇಲ್ಲ. ಆದರೆ ವಿಮೆ ಕಂಪನಿಗಳಿಗೆ ಅವರು ಕೊಡುವ ತೆರಿಗೆಯ ಕ್ರೆಡಿಟ್ ತಪ್ಪಿದೆ, ಆದ್ದರಿಂದ ಮೂಲ ಕಂತನ್ನೇ ಏರಿಸಲೂಬಹುದು. ಹಳೆಯ ರಶೀದಿ, ಹೊಸ ನೋಟಿಸ್, ಎರಡರದ್ದೂ ಫೋಟೊ ತೆಗೆದು ಕಳಿಸಿ, ನೋಡಿ ಹೇಳುತ್ತೇನೆ. ಗ್ರೂಪಿಗೆ ಹಾಕಬೇಡಿ, ನನಗೆ ಮಾತ್ರ ಕಳಿಸಿ. ಅದರಲ್ಲಿ ನಿಮ್ಮ ಪ್ರಾಯ ಇರುತ್ತದೆ, ಅಕ್ಕ ನೋಡಿಬಿಟ್ಟಾಳು.