ಹಳೆ ಊರಿನ ಸಂದಿಗೊಂದಿಗಳನ್ನು ನಡೆದು ನೋಡಿದವರು ಸ್ವಲ್ಪ ಹೇಳಿ

ಪ್ರಶ್ನೆ: ಮುಂದಿನ ತಿಂಗಳು ಅಪ್ಪನ ಜೊತೆ ಒಂದು ಹಳೆ ಊರಿಗೆ ಹೊರಟಿದ್ದೇನೆ. ಕೋಟೆ ಗೋಡೆಯ ಒಳಗಿನ ಊರು, ಬರೀ ಗಲ್ಲಿಗಳು. ನಾಲ್ಕು ದಿನ ಸಮಯ ಇದೆ. ದೊಡ್ಡ ಬೀದಿಯನ್ನು ಎಲ್ಲರೂ ನೋಡುತ್ತಾರೆ, ನನಗೆ ಒಳಗಿನ ಓಣಿಗಳೇ ಬೇಕು. ಹೋದ ವರ್ಷ ಇಂಥದ್ದೇ ಊರಲ್ಲಿ ಫೋನಿನ ಮ್ಯಾಪ್ ನಂಬಿಕೊಂಡು ಎರಡು ಗಂಟೆ ಅಲ್ಲಲ್ಲೇ ಸುತ್ತಿದ್ದೆ. ನೀವೆಲ್ಲ ದಾರಿ ಹೇಗೆ ಹಿಡಿಯುತ್ತೀರಿ? ಅಪ್ಪನಿಗೆ ಮಂಡಿ ನೋವು ಬೇರೆ ಇದೆ.

ಉತ್ತರ 1: ಮೊದಲು ಮ್ಯಾಪ್ ವಿಷಯ. ತಪ್ಪು ನಿಮ್ಮದಲ್ಲ. ಓಣಿ ಕಿರಿದಾಗಿ ಎರಡೂ ಕಡೆ ಗೋಡೆ ಎತ್ತರ ಇದ್ದರೆ ಫೋನಿಗೆ ಕಾಣುವುದು ಮೇಲಿನ ಒಂದು ಪಟ್ಟಿ ಆಕಾಶ ಮಾತ್ರ. ಉಪಗ್ರಹದ ಸಿಗ್ನಲ್ ನೇರವಾಗಿ ಬರದೆ ಗೋಡೆಗೆ ಬಡಿದು ಸುತ್ತಿ ಬರುತ್ತದೆ, ಫೋನ್ ಆ ಸುತ್ತನ್ನೂ ಸೇರಿಸಿ ಲೆಕ್ಕ ಹಾಕುತ್ತದೆ, ನೀವು ಇಲ್ಲಿ ನಿಂತಿದ್ದರೆ ನೀಲಿ ಚುಕ್ಕೆ ಪಕ್ಕದ ಓಣಿಗೆ ಹಾರಿರುತ್ತದೆ. ಹಾಗಾಗಿ ಓಣಿಯ ಒಳಗೆ ನಿಂತು ಮ್ಯಾಪ್ ನೋಡಬೇಡಿ. ಬಯಲು, ಚೌಕ, ಬಾವಿ ಕಟ್ಟೆ, ಎಲ್ಲಿ ಆಕಾಶ ಬಿಚ್ಚಿಕೊಳ್ಳುತ್ತದೋ ಅಲ್ಲಿ ನಿಂತು ಒಂದು ನಿಮಿಷ ಬಿಟ್ಟು ನೋಡಿ. ಹೊರಡುವ ಮೊದಲೇ ಮ್ಯಾಪನ್ನು ಫೋನಿಗೆ ಇಳಿಸಿಕೊಂಡಿರಿ.

ಉತ್ತರ 2: ನಾನು ಹದಿನೈದು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ, ಎಲ್ಲಿಗೆ ಹೋದರೂ ಹಳೆ ಪೇಟೆಯ ಒಳಗೇ ಉಳಿಯುತ್ತೇನೆ. ನನಗೆ ತಿಳಿದ ಮಟ್ಟಿಗೆ ಹಳೆ ಊರಲ್ಲಿ ಓಣಿಗಳು ಸುಮ್ನೆ ಅಡ್ಡಾದಿಡ್ಡಿ ಹೋಗಿರುವುದಿಲ್ಲ. ನೀರು, ನೆರಳು, ಕಾವಲು, ಸಾಮಾನು ಸಾಗಾಟ, ಇವುಗಳಲ್ಲಿ ಯಾವುದೋ ಒಂದಕ್ಕಾಗಿ ಹಾಗೆ ತಿರುಗಿರುತ್ತವೆ. ಆ ಕಾರಣ ಗೊತ್ತಾದರೆ ಅರ್ಧ ದಾರಿ ಸಿಕ್ಕ ಹಾಗೆ.

ಎಲ್ಲಕ್ಕಿಂತ ಮೊದಲು ಇಳಿಜಾರು ನೋಡಿ. ಮೊರಾಕ್ಕೋದ ಫೆಸ್ ಊರಿನ ಹಳೆ ಭಾಗದ ಓಣಿಗಳಲ್ಲಿ ಕಾರು ಓಡುವುದಿಲ್ಲ, ಸಾಮಾನೆಲ್ಲ ಹೇಸರಗತ್ತೆ ಮೇಲೆ, ಕೈಗಾಡಿ ಮೇಲೆ. ಬೂ ಜಲೂದ್ ಬಾಗಿಲ ಹತ್ತಿರದಿಂದ ತಾಲಾ ಕೆಬೀರಾ, ತಾಲಾ ಸಗೀರಾ ಅಂತ ಎರಡು ಬೀದಿ ಹೊರಡುತ್ತವೆ, ಎರಡೂ ಕೆಳಗೆ ಇಳಿಯುತ್ತಾ ನಡು ಊರಿನ ಕರವೀಯ್ಯೀನ್ ಮಸೀದಿ ಕಡೆ ಹೋಗುತ್ತವೆ. ಅಂದರೆ ಆ ಭಾಗದಲ್ಲಿ ದಾರಿ ತಪ್ಪಿದರೆ ಇಳಿದಷ್ಟೂ ಊರಿನ ನಡುವೆ, ಹತ್ತಿದಷ್ಟೂ ಬಾಗಿಲ ಕಡೆ. ಇದು ಗೊತ್ತಾದ ಮೇಲೆ ನಾನು ಅಲ್ಲಿ ಮ್ಯಾಪ್ ತೆಗೆಯಲೇ ಇಲ್ಲ. (ಅಲ್ಲಿ ಹಿಂದಿನಿಂದ 'ಬಾಲಕ್' ಅಂತ ಕೂಗಿದರೆ ನಮ್ಮ ಬಾಲಕನಿಗೂ ಅದಕ್ಕೂ ಸಂಬಂಧ ಇಲ್ಲ, ಹೇಸರಗತ್ತೆ ಬರುತ್ತಿದೆ ಜರುಗಿ ಅಂತ ಅರ್ಥ. ತಕ್ಷಣ ಗೋಡೆಗೆ ಒತ್ತಿಕೊಳ್ಳಿ.) ಕಾಶಿಯಲ್ಲೂ ಹೀಗೇ ಒಂದು ಗುರುತು ಇದೆ. ಅಲ್ಲಿ ಗಂಗೆ ಉತ್ತರಕ್ಕೆ ಹರಿಯುತ್ತಾಳೆ, ಘಾಟುಗಳು ಪಶ್ಚಿಮದ ದಡದಲ್ಲಿವೆ. ಬೆಳಿಗ್ಗೆ ಸೂರ್ಯ ಯಾವ ಕಡೆಯೋ ಹೊಳೆಯೂ ಆ ಕಡೆಗೇ.

ಆಮೇಲೆ ಓಣಿಯ ಹೆಸರು. ಸ್ಥಳೀಯ ಭಾಷೆಯಲ್ಲಿ ಓಣಿಗೆ ಇರುವ ಐದಾರು ಪದ ಕಲಿತು ಹೋಗಿ, ಇದಕ್ಕಿಂತ ಉಪಯೋಗದ ತಯಾರಿ ಇನ್ನೊಂದಿಲ್ಲ. ವೆನಿಸ್‌ನಲ್ಲಿ ಮನೆ ನಂಬರು ಪ್ರತಿ ಬೀದಿಯಲ್ಲೂ ಒಂದರಿಂದ ಶುರುವಾಗುವುದಿಲ್ಲ, ಊರಿನ ಆರು ಭಾಗಗಳಿವೆ, ಇಡೀ ಭಾಗಕ್ಕೆ ಸೇರಿ ಒಂದೇ ಸಾಲು ನಂಬರು, ಅದು ಸಾವಿರಗಟ್ಟಲೆ ಹೋಗುತ್ತದೆ. ನಂಬರು ಹಿಡಿದು ಹುಡುಕಿದರೆ ಸುಸ್ತಾಗುತ್ತೀರಿ. ಆದರೆ ಗೋಡೆಯ ಮೇಲೆ ಬಿಳಿ ಪಟ್ಟಿಯಲ್ಲಿ ಬರೆದ ಹೆಸರು ದಾರಿ ಹೇಳುತ್ತದೆ. 'ಕಾಲ್ಲೆ' ಅಂದರೆ ಓಣಿ. 'ಕೊರ್ತೆ' ಅಂದರೆ ಅಂಗಳ, ಸಾಮಾನ್ಯವಾಗಿ ಒಳಗೆ ಹೋದ ದಾರಿಯಲ್ಲೇ ವಾಪಸ್ ಬರಬೇಕು. 'ಸೊತೊಪೊರ್ತೆಗೊ' ಅಂದರೆ ಮನೆಯ ಕೆಳಗೆ ತೂರಿ ಹೋಗುವ ದಾರಿ. 'ರಿಯೋ ತೆರಾ' ಅಂತ ಇದ್ದರೆ ಅದು ಮೊದಲು ಕಾಲುವೆ, ಆಮೇಲೆ ಮಣ್ಣು ತುಂಬಿ ಬೀದಿ ಮಾಡಿದ್ದು. ಎಡಿನ್‌ಬರೋದಲ್ಲಿ 'ಕ್ಲೋಸ್' ಅನ್ನುವ ಓಣಿಗಳಿವೆ, ಹಿಂದೆ ರಾತ್ರಿ ಗೇಟು ಹಾಕುತ್ತಿದ್ದ ಖಾಸಗಿ ಓಣಿಗಳು ಅವು. 'ವೈಂಡ್' ಅಂತ ಇದ್ದರೆ ಎಲ್ಲರೂ ಓಡಾಡುತ್ತಿದ್ದ ದಾರಿ. ಬೀಜಿಂಗ್‌ನಲ್ಲಿ 'ಹುಟೊಂಗ್' ಅನ್ನುವ ಹಳೆ ಓಣಿಗಳು ಹೆಚ್ಚಾಗಿ ಪೂರ್ವ ಪಶ್ಚಿಮ ಹೋಗುತ್ತವೆ. ಅಲ್ಲಿನ ಅಂಗಳದ ಮನೆಗಳು ದಕ್ಷಿಣಕ್ಕೆ ಮುಖ ಮಾಡಿ ಬಿಸಿಲು ಹಿಡಿಯಬೇಕು, ಅದಕ್ಕೆ.

ಹೆಸರೇ ಬರೆದಿಲ್ಲದ ಕಡೆ ಕಾಲ ಕೆಳಗೆ ನೋಡುತ್ತೇನೆ. ಕಲ್ಲು ನಡುವೆ ಸವೆದು ನುಣುಪಾಗಿದ್ದರೆ ಜನ ಓಡಾಡುವ ದಾರಿ, ಮುಂದೆ ಎಲ್ಲೋ ಸೇರುತ್ತದೆ. ಕಲ್ಲಿನ ಸಂದಿಯಲ್ಲಿ ಹುಲ್ಲು, ಪಾಚಿ ಹಾಗೇ ಉಳಿದಿದ್ದರೆ ಮುಂದೆ ದಾರಿ ಮುಚ್ಚಿರುವ ಸಾಧ್ಯತೆ ಜಾಸ್ತಿ. ಮೂಲೆಯಲ್ಲಿ ಮೊಣಕಾಲೆತ್ತರದ ಒಂದು ಗುಂಡು ಕಲ್ಲು ನೆಟ್ಟಿದ್ದರೆ ಅದರ ಮೇಲೆ ಕೈ ಇಟ್ಟು ನೋಡಿ. ಗಾಡಿಯ ಚಕ್ರ ಗೋಡೆಗೆ ತಾಗದಿರಲಿ ಅಂತ ನೆಟ್ಟದ್ದು ಅದು. ಈಗ ಇಬ್ಬರು ಎದುರಾದರೆ ಒಬ್ಬರು ಜರುಗಬೇಕಾದ ಓಣಿಯಲ್ಲಿ ಒಂದು ಕಾಲಕ್ಕೆ ಗಾಡಿ ಹೋಗುತ್ತಿತ್ತು ಅಂತ ಅಲ್ಲಿ ಗೊತ್ತಾಗುತ್ತದೆ. ನನಗೆ ಆ ಕಲ್ಲುಗಳೆಂದರೆ ತುಂಬಾ ಇಷ್ಟ.

ಮೊದಲ ದಿನ ಒಂದು ಬಾಗಿಲಿಂದ ಇನ್ನೊಂದು ಬಾಗಿಲಿಗೆ ದೊಡ್ಡ ಬೀದಿಯಲ್ಲೇ ಒಮ್ಮೆ ನಡೆದುಬಿಡಿ. ಎರಡನೇ ದಿನದಿಂದ ಅದನ್ನು ಬೆನ್ನುಮೂಳೆ ಮಾಡಿಕೊಂಡು ಒಂದು ಪಕ್ಕಕ್ಕೆ ಒಳಹೊಕ್ಕು ಬನ್ನಿ, ಆಮೇಲೆ ಇನ್ನೊಂದು ಪಕ್ಕ. ದಿನಕ್ಕೆ ಒಂದು ಪಕ್ಕ ಸಾಕು.

ಉತ್ತರ 3: ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಒಂದು ಮಾತು ಸೇರಿಸಬೇಕು. ಓಣಿ ಎಲ್ಲಿ ಮುಗಿದು ಮನೆ ಎಲ್ಲಿ ಶುರುವಾಯಿತು ಅನ್ನುವುದು ಹೊರಗಿನವರಿಗೆ ತಿಳಿಯುವುದಿಲ್ಲ. ಅಹಮದಾಬಾದಿನ ಹಳೆ ಊರಲ್ಲಿ 'ಪೋಳ್' ಅಂತ ಇವೆ. ಒಂದು ದೊಡ್ಡ ಬಾಗಿಲು, ಒಳಗೆ ಅಂಟಿಕೊಂಡ ಮನೆಗಳು, ಹಕ್ಕಿಗಳಿಗೆ ಕಾಳು ಹಾಕಲು ಕಂಬದ ಮೇಲೆ ಚಬೂತರೋ. ಕೆಲವು ಪೋಳ್‌ಗಳಿಂದ ಪಕ್ಕದ ಪೋಳಿಗೆ ಗುಟ್ಟಿನ ದಾರಿ ಇದೆ, ಅದು ನೋಡಲು ಯಾರದೋ ಮನೆಯ ಬಾಗಿಲಿನ ಹಾಗೇ ಇರುತ್ತದೆ. ನಾನು ಅಂಥದ್ದೇ ಒಂದು ಬಾಗಿಲು ಅಂದುಕೊಂಡು ಒಳಗೆ ಹೋದೆ. ಅದು ನಿಜವಾಗಿಯೂ ಮನೆಯೇ ಆಗಿತ್ತು. ಅಂಗಳದಲ್ಲಿ ಬಟ್ಟೆ ಹರವುತ್ತಿದ್ದ ಅಜ್ಜಿ ನನ್ನನ್ನು ನೋಡಿದರು. ನಾನು ಕೈ ಮುಗಿದು ತಪ್ಪಾಯಿತು ಅಂದೆ, ಅವರು ಏನೂ ಅನ್ನದೆ ಎದುರಿನ ಬಾಗಿಲು ತೆಗೆದು ಆಚೆ ಓಣಿ ತೋರಿಸಿದರು. ಅವರು ಒಳ್ಳೆಯವರು, ಸರಿ. ಆದರೆ ಮಧ್ಯಾಹ್ನ ಮಲಗಿರುವ ಮನೆಗೆ ಹಾಗೆ ನುಗ್ಗಿದ್ದರೆ?

ಫ್ರಾನ್ಸಿನ ಲಿಯೋನ್‌ನಲ್ಲಿ ಕಟ್ಟಡಗಳ ಒಳಗಿಂದಲೇ ಒಂದು ಬೀದಿಯಿಂದ ಇನ್ನೊಂದಕ್ಕೆ ಹೋಗುವ 'ತ್ರಾಬೂಲ್' ಇವೆ, ಹಿಂದೆ ರೇಷ್ಮೆ ನೇಯುವವರು ಬಟ್ಟೆ ನೆನೆಯದಂತೆ ಸಾಗಿಸುತ್ತಿದ್ದ ದಾರಿಗಳೂ ಅವುಗಳಲ್ಲಿ ಸೇರಿವೆ. ನೂರಾರು ಇದ್ದರೂ ಹೊರಗಿನವರಿಗೆ ತೆರೆದಿರುವುದು ಸ್ವಲ್ಪ ಮಾತ್ರ. ಮೇಲೆ ಜನ ವಾಸ ಇದ್ದಾರೆ. ಅಲ್ಲಿ ಮಾತು ನಿಲ್ಲಿಸಿ ನಡೆಯಬೇಕು. ಎಲ್ಲ ಊರಲ್ಲೂ ಅಷ್ಟೇ: ತೆರೆದ ಬಾಗಿಲ ಒಳಗಿನ ಫೋಟೋ ಬೇಡ, ಮನೆ ಮುಂದೆ ಕೂತವರಿಗೆ ಒಂದು ನಮಸ್ಕಾರ ಹೇಳಿ ಮುಂದೆ ಹೋಗಿ. ಮೊದಲ ದಿನ ಅಲ್ಲಿಯವರೇ ನಡೆಸುವ ನಡಿಗೆಗೆ ಸೇರಿದರೆ ಇನ್ನೂ ಒಳ್ಳೆಯದು. ಅಹಮದಾಬಾದಿನಲ್ಲಿ 1997ರಿಂದ ಬೆಳಗಿನ ನಡಿಗೆ ಇದೆ, ಅದು ಶುರುವಾಗಿ ಇಪ್ಪತ್ತು ವರ್ಷ ಆದ ಮೇಲೆ 2017ರಲ್ಲಿ ಆ ಹಳೆ ಊರು ಯುನೆಸ್ಕೋ ಪಟ್ಟಿಗೆ ಸೇರಿತು.

ಇನ್ನೊಂದು. "ಆ ಕಡೆ ದಾರಿ ಮುಚ್ಚಿದೆ, ಬನ್ನಿ ನಾನು ತೋರಿಸುತ್ತೇನೆ" ಅಂತ ತಾನಾಗಿ ಬರುವವರ ಜೊತೆ ಹೋಗಬೇಡಿ. ಎರಡು ಊರಲ್ಲಿ ನನಗೆ ಹೀಗೆ ಆಗಿದೆ, ಎರಡೂ ಸಲ ದಾರಿ ತೆರೆದೇ ಇತ್ತು. ಕೇಳಬೇಕಾದರೆ ಕೆಲಸದಲ್ಲಿ ಕೂತವರನ್ನು ನೀವಾಗಿ ಕೇಳಿ. ಅವರು ತಮ್ಮ ಜಾಗ ಬಿಟ್ಟು ಬರುವುದಿಲ್ಲ, ಕೈ ತೋರಿಸುತ್ತಾರೆ, ಅಷ್ಟೇ.

ಉತ್ತರ 4: ಅಪ್ಪನ ಮಂಡಿ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಅಮ್ಮನ ಜೊತೆ ಓಡಾಡಿ ಕಲಿತದ್ದು: ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಎಲ್ಲರೂ ಮೇಲಿಂದ ಕೆಳಗೆ ನಡೆದು ಬರುವ ಯೋಜನೆ ಮಾಡುತ್ತಾರೆ, ನೀವು ತಿರುಗಿಸಿ. ಕೆಳಗಿನ ತುದಿಗೆ ಗಾಡಿಯಲ್ಲಿ ಹೋಗಿ, ನಿಧಾನವಾಗಿ ಹತ್ತುತ್ತಾ ಬಂದು ಮೇಲೆ ಮುಗಿಸಿ. ಫೆಸ್‌ನಲ್ಲೇ ನೋಡಿ, ಕೆಳಗಿನ ರ್‌ಸೀಫ್ ಚೌಕದವರೆಗೆ ಟ್ಯಾಕ್ಸಿ ಬರುತ್ತದೆ. ಹಿಡಿತ ಇರುವ, ಹಳೆಯ, ಕಾಲಿಗೆ ಒಗ್ಗಿದ ಶೂ ಹಾಕಿಸಿ. ನುಣುಪು ಕಲ್ಲು ಒಣಗಿದ್ದಾಗ ಏನೂ ಅಲ್ಲ, ಬೆಳಿಗ್ಗೆ ನೀರು ಚೆಲ್ಲಿ ತೊಳೆದಾಗ ಜಾರುತ್ತದೆ. ಪ್ರತಿ ಅರ್ಧ ಗಂಟೆಗೆ ಕೂರಲು ಜಾಗ ಹುಡುಕಿ, ನೀವು ಕೂತಾಗಲೇ ಓಣಿ ತನ್ನ ಕೆಲಸ ಶುರುಮಾಡುತ್ತದೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹತ್ತುತ್ತಾ ಹೋಗುವ ಯೋಚನೆ ನನಗೆ ಬಂದೇ ಇರಲಿಲ್ಲ. ಯಾವ ಹೊತ್ತಿಗೆ ಹೊರಡುವುದು ಒಳ್ಳೆಯದು?

ಉತ್ತರ 2ರವರು: ಒಂದೇ ಓಣಿಗೆ ಎರಡು ಸಲ ಹೋಗಿ. ಬೆಳಕು ಹರಿದ ಕೂಡಲೇ ಒಮ್ಮೆ, ಆಗ ಅಂಗಡಿಗಳ ಬಾಗಿಲು ಹಾಕಿರುತ್ತದೆ, ಮೇಲಿನ ಕೆತ್ತನೆ, ಕಿಟಕಿ, ಮುಂದೆ ಚಾಚಿದ ಉಪ್ಪರಿಗೆ ಎಲ್ಲ ಕಾಣುತ್ತವೆ. ಸಂಜೆ ಇನ್ನೊಮ್ಮೆ, ಆಗ ಜನ ಕಾಣುತ್ತಾರೆ. ವಾರದ ರಜೆ ಯಾವ ದಿನ ಅಂತ ಮೊದಲೇ ಕೇಳಿಕೊಳ್ಳಿ. ಫೆಸ್‌ನಲ್ಲಿ ಶುಕ್ರವಾರ ಮಧ್ಯಾಹ್ನ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ಕೊಳ್ಳಲು ಹೋದವರಿಗೆ ಅದು ಬೇಸರ, ನಿಮಗೂ ನಿಮ್ಮ ಅಪ್ಪನಿಗೂ ಗದ್ದಲ ಇಲ್ಲದ ಓಣಿ.