ಹಳೇ ಕಂಪ್ಯೂಟರ್ ಕೇಸಿಗೆ 360 ರೇಡಿಯೇಟರ್: ಮೇಲ್ಭಾಗ ಕೊರೆಯಲಾ?

ಪ್ರಶ್ನೆ (ಮಡಿಕೇರಿ):
ಅಣ್ಣ ಬಿಟ್ಟುಹೋದ ಕಂಪ್ಯೂಟರ್ ಕೇಸು, ತಗಡಿನದ್ದು. ನೀರಿನ ಕೂಲಿಂಗ್ ಹಾಕ್ಬೇಕು. ಮೇಲೆ 240ಕ್ಕೆ, ಅಂದ್ರೆ 120 ಮಿ.ಮೀ. ಫ್ಯಾನ್ ಎರಡಕ್ಕೆ ಮಾತ್ರ ಜಾಗ. ನನ್ನ ರೇಡಿಯೇಟರ್ 360, ಮೂರು ಫ್ಯಾನಿನದ್ದು, ಉದ್ದ ಅಳೆದರೆ 397 ಮಿ.ಮೀ. ಡಿವಿಡಿ ಡ್ರೈವ್ ಗೂಡು ಕಿತ್ತರೆ ಉದ್ದ ಸಾಕು. ಆದರೆ ರೇಡಿಯೇಟರ್ 27, ಫ್ಯಾನ್ 25, ಒಟ್ಟು ದಪ್ಪ 52 ಮಿ.ಮೀ. ರ‍್ಯಾಮ್‌ಗೆ ತಾಗ್ತಿದೆ. ತೋಟದ ಶೆಡ್ಡಲ್ಲಿ ಗ್ರೈಂಡರ್ ಉಂಟು. ಕೊರೆಯಲಾ? ನಮ್ಮ ಮಳೆಗಾಲದ ಥಂಡಿಗೆ ಪೈಪ್ ಬೆವರತ್ತಾ?

ಉತ್ತರ (ಕುಶಾಲನಗರ):
ಫ್ಯಾನ್‌ಗಳನ್ನ ಕೇಸಿನ ಹೊರಗೆ, ಮೇಲೆ ಕೂರಿಸಿ. ಒಳಗೆ 27 ಮಾತ್ರ ಆಗತ್ತೆ. ಮೊದಲು ರಟ್ಟಿನಲ್ಲಿ ಅಚ್ಚು ಮಾಡ್ಕೊಳ್ಳಿ. 120ರ ಫ್ಯಾನಿಗೆ ಸ್ಕ್ರೂ ತೂತುಗಳ ಅಂತರ 105 ಮಿ.ಮೀ. ಮದರ್‌ಬೋರ್ಡ್ ಬಿಚ್ಚದೆ ಗ್ರೈಂಡರ್ ಮುಟ್ಟಲೇಬೇಡಿ, ಕಬ್ಬಿಣದ ಚೂರು ಒಂದು ಸಾಕು ಶಾರ್ಟ್ ಆಗಕ್ಕೆ. ಸ್ಕ್ರೂ 30 ಮಿ.ಮೀ. ತಗೊಳ್ಳಿ. ನಾನು ಮಹಾಬುದ್ಧಿವಂತ 35 ಹಾಕಿ ತಿರುಗಿಸಿದೆ, ರೇಡಿಯೇಟರಿನ ಕೊಳವೆಗೇ ತೂತು!

ಉತ್ತರ (ವಿರಾಜಪೇಟೆ):
ಬೆವರಲ್ಲ. ಬರೀ ರೇಡಿಯೇಟರಿದ್ದರೆ ನೀರು ಕೋಣೆಗಿಂತ ತಣ್ಣಗಾಗಲ್ಲ. ಭಯ ತುಕ್ಕಿನದು. ಕೊಯ್ದ ಅಂಚಿಗೆ ಅರ ಉಜ್ಜಿ, ಅದೇ ದಿನ ರೆಡ್ ಆಕ್ಸೈಡ್ ಬಳೀರಿ.

ಪ್ರಶ್ನೆ ಕೇಳಿದವರು:
ರಟ್ಟು ಕತ್ತರಿಸಿ ಆಯ್ತು. ಕರೆಂಟ್ ಬಂದರೆ ಗ್ರೈಂಡರ್.