‘ರಂಗಸಜ್ಜಿಕೆ’ ಅಂದ್ರೆ ಬಾಡಿಗೆ ಸೀನ್ಸೋ, ನಾವು ಮಾಡಿದ ಸೆಟ್ಟೋ?

ಗೆಳೆಯರೇ, ನಮಸ್ಕಾರ. ತುಮಕೂರಿನಿಂದ ಬರೆಯುತ್ತಿದ್ದೇನೆ. ನಮ್ಮದು ಎಂಟು ಜನರ ಸಣ್ಣ ತಂಡ. ಒಂದೂಕಾಲು ಗಂಟೆಯ ನಾಟಕ ಕಟ್ಟಿಕೊಂಡು ಜಿಲ್ಲೆಯ ಊರೂರು ಸುತ್ತುತ್ತಿದ್ದೇವೆ. ಸೆಟ್ ನನ್ನ ಪಾಲಿನ ಕೆಲಸ. ಕರಪತ್ರದಲ್ಲಿ ನನ್ನ ಹೆಸರಿನ ಹಿಂದೆ ‘ರಂಗಸಜ್ಜಿಕೆ’ ಎಂದಿದೆ. ನನ್ನ ಪ್ರಶ್ನೆ ಆ ಪದದ ಬಗ್ಗೆ.

ಹೋದ ತಿಂಗಳು ಶಿರಾ ಕಡೆಯ ಒಂದು ಹಳ್ಳಿಯಲ್ಲಿ ಆಟ ಒಪ್ಪಿಕೊಂಡಿದ್ದೆವು. ಫೋನಿನಲ್ಲಿ ಅಲ್ಲಿನವರು, “ರಂಗಸಜ್ಜಿಕೆ ನಾವೇ ಹಾಕಿಸ್ತೀವಿ, ಯೋಚ್ನೆ ಬಿಡಿ ಸಾರ್” ಎಂದರು. ವೇದಿಕೆ, ಶಾಮಿಯಾನ, ನಾಲ್ಕು ಲೈಟು ಇರಬೇಕು ಎಂದುಕೊಂಡೆ. ಸಂಜೆ ಹೋಗಿ ನೋಡಿದರೆ ಬಾಡಿಗೆ ಸೀನರಿ ಪೂರ್ತಿ ಕಟ್ಟಿ ಮುಗಿದಿತ್ತು. ಹಿಂದೆ ದರ್ಬಾರಿನ ಪರದೆ, ಎರಡೂ ಪಕ್ಕ ಕಂಬ ಬರೆದ ವಿಂಗುಗಳು, ಮುಂದೆ ಜರಿಯ ಪರದೆ. ನಮ್ಮ ನಾಟಕ ನಡೆಯುವುದು ಕೊಬ್ಬರಿ ಮಂಡಿಯೊಳಗೆ. ನಮ್ಮ ಚೌಕಟ್ಟುಗಳನ್ನು ನಿಲ್ಲಿಸಲು ಜಾಗವೇ ಉಳಿದಿರಲಿಲ್ಲ. ಊರಿನವರು ಪ್ರೀತಿಯಿಂದ ದುಡ್ಡು ಹಾಕಿ ಕಟ್ಟಿಸಿದ್ದರು. ಬಿಚ್ಚಿ ಅನ್ನಲು ಬಾಯಿ ಬರಲಿಲ್ಲ. ಅರಮನೆಯ ಮುಂದೆಯೇ ಕೊಬ್ಬರಿ ಚೀಲ ಜೋಡಿಸಿ ಆಡಿದೆವು. ಮನಸ್ಸಿಗೆ ತುಂಬಾ ಬೇಜಾರಾಯಿತು.

ನಮ್ಮ ಕಡೆ ಕುರುಕ್ಷೇತ್ರ ನಾಟಕದ ಕರಪತ್ರ ನೋಡಿದವರಿಗೆ ಇದು ಅರ್ಥವಾಗುತ್ತದೆ. ಪಾತ್ರಧಾರಿಗಳ ಪಟ್ಟಿಯ ಕೆಳಗೆ ‘ಭವ್ಯ ರಂಗಸಜ್ಜಿಕೆ’ ಎಂದು ಹಾಕಿ, ಮುಂದೆ ಯಾವುದೋ ಡ್ರಾಮಾ ಸೀನ್ಸ್‌ನ ಹೆಸರು ಇರುತ್ತದೆ. ಬಾಡಿಗೆಗೆ ಬರುವ ಪರದೆ, ವಿಂಗು, ಸಿಂಹಾಸನ ಎಲ್ಲ ಸೇರಿ ಅಲ್ಲಿ ರಂಗಸಜ್ಜಿಕೆ. ಬಾಯಿಮಾತಿನಲ್ಲಿ ಮಾತ್ರ “ಸೀನ್ಸ್‌ನೋರು ಬಂದ್ರಾ?” ಅಂತಲೇ ಕೇಳುತ್ತಾರೆ. ಹವ್ಯಾಸಿ ತಂಡದವರಿಗೆ ಅದೇ ಪದ ಬೇರೆ. ಒಂದು ನಾಟಕಕ್ಕೆಂದೇ ಯೋಚಿಸಿ ಮಾಡಿದ ಸೆಟ್ ಅದು. ಕೆಲವರು ‘ರಂಗವಿನ್ಯಾಸ’ ಎಂದು ಅಚ್ಚು ಹಾಕಿಸುತ್ತಾರೆ. ನನಗೇನೋ ವಿನ್ಯಾಸ ಅಂದರೆ ಕಾಗದದ ಮೇಲಿನ ಕೆಲಸ, ಸಜ್ಜಿಕೆ ಅಂದರೆ ಮರ, ಬಟ್ಟೆ, ಮೊಳೆಯ ಕೆಲಸ.

ಪದ ಬಿಡಿಸಿದರೂ ನನಗೆ ಹೀಗೇ ಕಾಣುತ್ತದೆ. ‘ಸಜ್ಜು’ ಸಂಸ್ಕೃತದ ‘ಸಜ್ಜ’ದಿಂದ ಬಂದದ್ದು, ತಯಾರಾದದ್ದು ಎಂದು ಅರ್ಥ. ನಂಬಿಕೆ, ಹೊದಿಕೆ ಇದ್ದ ಹಾಗೆ ಇದಕ್ಕೂ ‘ಇಕೆ’ ಸೇರಿದೆ ಅಲ್ವಾ? ಕೆಲವು ಕಡೆ ‘ರಂಗಸಜ್ಜಿಗೆ’ ಎಂದೂ ಬರೆಯುತ್ತಾರೆ. ಹಾಸಿಗೆ ಎನ್ನುವಾಗ ‘ಗೆ’ ಬರುವುದರಿಂದ ಅದನ್ನು ಸುಮ್ನೆ ತಪ್ಪು ಅನ್ನಲಾರೆ. ಆದರೆ ಸಜ್ಜಿಗೆ ಅಂದರೆ ನಮಗೆ ಸತ್ಯನಾರಾಯಣ ಪೂಜೆಯ ಪ್ರಸಾದ. ಹಾಗಾಗಿ ‘ಕೆ’ಯೇ ಇರಲಿ ಎಂಬುದು ನನ್ನ ಆಸೆ.

ಊರಿನವರ ಅರ್ಥವನ್ನು ತಳ್ಳಿಹಾಕಲು ಮನಸ್ಸಿಲ್ಲ. ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ, ಇಲ್ಲೇ ಪಕ್ಕದ ಗುಬ್ಬಿಯಲ್ಲಿ. ಕುರುಕ್ಷೇತ್ರಕ್ಕೆ ರಂಗದ ಮೇಲೆ ಆನೆ, ಕುದುರೆ ತಂದ ಕಂಪನಿ ಅದು. ರಂಗಸಜ್ಜಿಕೆ ಭವ್ಯವಾಗಿರಬೇಕು ಎಂಬ ಆಸೆ ಈ ನೆಲದ ಜನರಿಗೆ ಅಲ್ಲಿಂದಲೇ ಬಂದಿರಬೇಕು. ಕಂಪನಿಗಳು ಕ್ಯಾಂಪ್ ಹಾಕಿದರೆ ತಿಂಗಳುಗಟ್ಟಲೆ ಒಂದೇ ಊರಿನಲ್ಲಿ ಇರುತ್ತಿದ್ದವು. ಭಾರದ ಸೀನರಿ ಕಟ್ಟಲು ಪುರುಸೊತ್ತಿತ್ತು. ನಮ್ಮದು ತಿರುಗಾಟ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್ 1985ರಲ್ಲಿ ತನ್ನ ಸಂಚಾರಿ ತಂಡಕ್ಕೆ ಇಟ್ಟ ಹೆಸರೂ ಅದೇ. ಇವತ್ತು ಇಲ್ಲಿ, ನಾಳೆ ಇನ್ನೊಂದೂರು.

ನಮ್ಮ ಗಾಡಿಯ ಹಿಂಭಾಗ 7 ಅಡಿ. ಅದಕ್ಕೇ ಚೌಕಟ್ಟುಗಳು 6 ಅಡಿ ಮೀರುವುದಿಲ್ಲ. ರೀಪಿನ ಚೌಕಟ್ಟಿಗೆ ಕೋರಾ ಬಟ್ಟೆ ಹೊಡೆದು ಗಂಜಿ ಬಳಿಯುತ್ತೇವೆ. ಒಣಗಿದರೆ ಬಟ್ಟೆ ತಮಟೆಯ ಹಾಗೆ ಬಿಗಿಯುತ್ತದೆ. ಆಮೇಲೆ ಬಣ್ಣ. ಎರಡೆರಡು ಚೌಕಟ್ಟಿಗೆ ಕೀಲು ಹಾಕಿದ್ದೇವೆ, ಪುಸ್ತಕದ ಹಾಗೆ ಮಡಚಬಹುದು. ಅರ್ಧ ತೆರೆದರೆ ತಾವೇ ನಿಲ್ಲುತ್ತವೆ. ಗಾಳಿ ಜಾಸ್ತಿ ಇದ್ದರೆ ಹಿಂದೆ ಒಂದು ಊರುಗೋಲು, ಅದರ ಬುಡಕ್ಕೆ ಮರಳಿನ ಚೀಲ. ಇಂಥ ಚೌಕಟ್ಟನ್ನು ನಾವೆಲ್ಲ ‘ಫ್ಲಾಟ್’ ಅನ್ನುತ್ತೇವೆ. ನಮ್ಮ ಬಡಗಿ ಮಾತ್ರ ಮೊದಲ ದಿನದಿಂದ ‘ತಡಿಕೆ’ ಎನ್ನುತ್ತಾರೆ. ಬಿದಿರು, ಗರಿ ಹೆಣೆದು ಬಾಗಿಲಿಗೋ ಮರೆಗೋ ಇಡುವುದು ತಡಿಕೆ. ಹಗುರ, ಎತ್ತಿಡಬಹುದು, ಮರೆ ಮಾಡುತ್ತದೆ. ಫ್ಲಾಟ್ ಮಾಡುವ ಕೆಲಸವೂ ಅಷ್ಟೇ ತಾನೆ? ನನಗೆ ತುಂಬಾ ಹಿಡಿಸಿತು. ‘ತಟ್ಟಿ’ಯೂ ಸರಿಹೋಗುತ್ತಿತ್ತು, ಹಿಂದಿ ಬಲ್ಲ ಹುಡುಗರು ಅದನ್ನು ಕೇಳಿ ನಗುತ್ತಾರೆ.

ಮುಂದಿನ ಆಟ ಮಧುಗಿರಿ ಕಡೆ. ಕರಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲ. ಬಾಡಿಗೆಯದಕ್ಕೆ ‘ಸೀನ್ಸ್’, ನಾವು ಮಾಡಿದ್ದಕ್ಕೆ ‘ರಂಗಸಜ್ಜಿಕೆ’ ಎಂದು ಬೇರೆ ಮಾಡಿದರೆ ಊರಿನವರಿಗೆ ತಿಳಿಯುತ್ತದೆಯೇ? ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸೀನು ಕಟ್ಟುವವರು ಏನನ್ನುತ್ತಾರೆ? ತಡಿಕೆ ಪದ ನಿಮ್ಮ ಊರಲ್ಲಿ ಇನ್ನೂ ಬಳಕೆಯಲ್ಲಿದ್ದರೆ, ಯಾವ ವಸ್ತುವಿಗೆ ಎಂದು ದಯವಿಟ್ಟು ಬರೆಯಿರಿ.